ಬೆಲ್ ಹೊಡೆಯುವವರೆಗಿನ ಹರಟೆ

ಓಸಾಕಾ ಕಡೆಯ ಹುಡುಗಿಯೊಬ್ಬಳು ವರ್ಷದ ನಡುವೆ ಹೊಸ ಹೈಸ್ಕೂಲಿಗೆ ಬಂದು ಸೇರುತ್ತಾಳೆ. ಓಸಾಕಾದವರೆಂದರೆ ಜಪಾನಿನಲ್ಲಿ ಪಟಪಟ ಮಾತಿನವರು, ಎಲ್ಲಿದ್ದರೂ ನಗಿಸುವವರು ಎಂಬ ಹೆಸರು. ಹಾಗಾಗಿ ಇವಳು ಈಗ ಬಾಯಿ ಬಿಡುತ್ತಾಳೆ, ಈಗ ನಗಿಸುತ್ತಾಳೆ ಎಂದು ಸಹಪಾಠಿಗಳು ಕಾದು ಕೂರುತ್ತಾರೆ. ಅವಳೋ ಕೂತಲ್ಲೇ ಎತ್ತಲೋ ಕಳೆದುಹೋಗುವ ಜೀವ. ಒಂದು ಮಾತು ಮುಗಿಸುವಷ್ಟರಲ್ಲಿ ಕೇಳುವವರಿಗೆ ಆಕಳಿಕೆ ಬಂದಿರುತ್ತದೆ. ಆದರೂ ಅಯುಮು ಕಸುಗಾ ಎಂಬ ಅವಳ ಹೆಸರು ಎಲ್ಲರಿಗೂ ಮರೆತುಹೋಗಿ, ಕೊನೆಯವರೆಗೂ ಅವಳು 'ಓಸಾಕಾ' ಆಗಿಯೇ ಉಳಿಯುತ್ತಾಳೆ.

ಇದು ಕಿಯೋಹಿಕೊ ಅಜುಮಾ ಅವರ 'ಅಜುಮಾಂಗಾ ದೈಓ'. 1999ರಿಂದ 2002ರವರೆಗೆ 'ದೆಂಗೆಕಿ ದೈಓ' ಮಾಸಿಕದಲ್ಲಿ ಬಂದ ಮಾಂಗಾ (ಜಪಾನಿ ಕಾಮಿಕ್ಸ್), ಪುಸ್ತಕರೂಪದಲ್ಲಿ ನಾಲ್ಕೇ ಸಂಪುಟ. ಕತೆ ಏನು ಎಂದು ಯಾರಾದರೂ ಕೇಳಿದರೆ ಹೇಳುವುದು ಕಷ್ಟ. ಹತ್ತು ವರ್ಷಕ್ಕೇ ಹೈಸ್ಕೂಲು ಸೇರಿದ ಜಾಣೆ ಚಿಯೊ, ತನ್ನಿಂದ ಏನೂ ಆಗದಿದ್ದರೂ ಎಲ್ಲದಕ್ಕೂ ಮುಂದೆ ನುಗ್ಗುವ ತೊಮೊ, ವಿದ್ಯಾರ್ಥಿಗಳಿಗಿಂತ ಬೇಜವಾಬ್ದಾರಿಯ ಇಂಗ್ಲಿಷ್ ಟೀಚರ್ ಯುಕಾರಿ. ಇವರು ತಿನ್ನುತ್ತಾರೆ, ಹರಟುತ್ತಾರೆ, ಪರೀಕ್ಷೆಗೆ ಹೆದರುತ್ತಾರೆ. ಅಷ್ಟೇ. ಲಲಿತ ಪ್ರಬಂಧ ಓದಿ ಬೆಳೆದ ಕನ್ನಡಿಗರಿಗೆ ಇದೇನೂ ಅಪರಿಚಿತ ರುಚಿಯಲ್ಲ. ಕೊಡೆ ಕಳೆದುಹೋದದ್ದನ್ನೋ ನೆಗಡಿ ಬಂದದ್ದನ್ನೋ ಹಿಡಿದು ಹತ್ತು ಪುಟ ಓದಿಸುವ ಕಲೆ ನಮ್ಮಲ್ಲೂ ಇದೆ.

ಏನೂ ನಡೆಯದ ಕತೆಯನ್ನು ಓದಿಸುವುದು ಸುಲಭವಲ್ಲ. ಕತ್ತಿವರಸೆಯ ಮಾಂಗಾದಲ್ಲಿ ಚಿತ್ರ ಸ್ವಲ್ಪ ಸೊರಗಿದರೂ ಮುಂದೇನು ಎಂಬ ಕುತೂಹಲ ಪುಟ ತಿರುಗಿಸುತ್ತದೆ. ಇಲ್ಲಿ ಆ ಆಸರೆಯೇ ಇಲ್ಲ. ಅಜುಮಾ ನೆಚ್ಚಿಕೊಂಡದ್ದು ಜಪಾನಿನ ದಿನಪತ್ರಿಕೆಗಳ ಹಳೆಯ ಅಚ್ಚನ್ನು: ಮೇಲಿಂದ ಕೆಳಕ್ಕೆ ಇಳಿಯುವ ನಾಲ್ಕು ಚೌಕಟ್ಟು. ಮೊದಲನೆಯದರಲ್ಲಿ ವಿಷಯ, ಎರಡನೆಯದರಲ್ಲಿ ಅದರ ಮುಂದುವರಿಕೆ, ಮೂರನೆಯದರಲ್ಲಿ ಅನಿರೀಕ್ಷಿತ ತಿರುವು, ನಾಲ್ಕನೆಯದರಲ್ಲಿ ಮುಕ್ತಾಯ. ಅಜುಮಾ ಈ ಲೆಕ್ಕವನ್ನೇ ಆಗಾಗ ಕೆಡಿಸುತ್ತಾರೆ.

ಸಕಾಕಿ ಎಂಬ ಹುಡುಗಿಯ ಪ್ರಸಂಗಗಳನ್ನೇ ನೋಡಿ. ಎತ್ತರದ ನಿಲುವು, ಕಡಿಮೆ ಮಾತು. ಇಡೀ ತರಗತಿಗೆ ಅವಳೆಂದರೆ ಒಂದು ಬಗೆಯ ಭಯಭಕ್ತಿ. ಒಳಗೆ ಮಾತ್ರ ಅವಳಿಗೆ ಬೆಕ್ಕು ಕಂಡರೆ ಪ್ರಾಣ. ಬೀದಿಯ ಗೋಡೆಯ ಮೇಲೆ ಬೂದುಬಣ್ಣದ ಬೆಕ್ಕು ಕೂತಿದೆ. ಇವಳು ಮೆಲ್ಲಗೆ ಕೈ ಚಾಚುತ್ತಾಳೆ. ಬೆಕ್ಕು ನೋಡುತ್ತದೆ, ಇವಳೂ ನೋಡುತ್ತಾಳೆ. ಆಮೇಲೆ ಕಚ್ಚುತ್ತದೆ. ಮುಂದಿನ ಸಲವೂ ಕಚ್ಚುತ್ತದೆ. ತಿರುವೆಂಬುದೇ ಇಲ್ಲ, ಕಚ್ಚುತ್ತದೆಂದು ನಮಗೂ ಗೊತ್ತು, ಅವಳಿಗೂ ಗೊತ್ತು. ಕೈ ಮತ್ತು ಬೆಕ್ಕಿನ ನಡುವೆ ಒಂದೂ ಅಕ್ಷರವಿಲ್ಲದ ಆ ಚೌಕಟ್ಟು ಇದೆಯಲ್ಲ, ನಗು ಇರುವುದು ಅಲ್ಲಿ. ಗಡಿಬಿಡಿಯ ಹಾಸ್ಯಗಾರ ಅದನ್ನು ಮೊದಲು ಹೊಡೆದುಹಾಕುತ್ತಿದ್ದ.

ಇದೇ ಮೌನವನ್ನು ಯಾಸುನೊಬು ಯಾಮಾಉಚಿ ಹುಡುಗರ ಕಡೆಯಿಂದ ಹಿಡಿದಿದ್ದಾರೆ. 2009ರಿಂದ 2012ರವರೆಗೆ ಬಂದ, ಗಂಡುಮಕ್ಕಳ ಹೈಸ್ಕೂಲಿನ ದಿನಚರಿಯಂಥ ಅವರ ಮಾಂಗಾದಲ್ಲಿ ಹಿದೆನೊರಿ ಎಂಬವನು ಸಂಜೆ ನದಿಯ ದಂಡೆಯಲ್ಲಿ ಪುಸ್ತಕ ಹಿಡಿದು ಕೂತಿರುತ್ತಾನೆ. ಪರಿಚಯವೇ ಇಲ್ಲದ ಹುಡುಗಿಯೊಬ್ಬಳು ಬಂದು ಸಮೀಪದಲ್ಲೇ ಕೂರುತ್ತಾಳೆ. ಪ್ರೇಮಕತೆಗಳನ್ನು ಓದಿ ತಲೆ ತುಂಬಿಕೊಂಡವಳು. ಈಗ ಇವನೊಂದು ಚೆಂದದ ಮಾತಾಡಲಿ ಎಂದು ಅವಳ ನಿರೀಕ್ಷೆ. ಅದು ಇವನಿಗೂ ಗೊತ್ತಾಗಿಬಿಡುತ್ತದೆ. ಹೊರಗೆ ಪೂರ್ತಿ ನಿಶ್ಶಬ್ದ, ಒಳಗೆ ಹುಡುಗ ಬೆವರುತ್ತಿದ್ದಾನೆ. ಕಡೆಗೆ ಗಾಳಿಯ ಬಗ್ಗೆ ಏನೋ ಒಂದು ಘನಗಂಭೀರ ಮಾತು ಒದರಿ, ನಾಚಿಕೆಯಿಂದ ಸತ್ತೇಹೋಗುತ್ತಾನೆ. ಹದಿನಾರರ ವಯಸ್ಸಿನಲ್ಲಿ ಇಂಥದ್ದೊಂದು ಮಾತಾಡದವರು ಯಾರಿದ್ದಾರೆ?

ಇಷ್ಟಾದರೂ ಈ ಕತೆಗಳು ನಾಲಿಗೆಯ ಮೇಲೆ ಉಳಿಯುವುದು ಬರೀ ಚಟಾಕಿಗಳಿಂದಲ್ಲ. ನನ್ನ ಲೆಕ್ಕದಲ್ಲಿ ಅದಕ್ಕೆ ಕಾರಣ ಜಪಾನಿನ ಶಾಲಾ ಕ್ಯಾಲೆಂಡರು. ಅಲ್ಲಿ ಹೈಸ್ಕೂಲೆಂದರೆ ಮೂರು ವರ್ಷ, ಸುಮಾರಾಗಿ ನಮ್ಮ ಎಸ್ಸೆಸ್ಸೆಲ್ಸಿಯಿಂದ ದ್ವಿತೀಯ ಪಿಯುಸಿವರೆಗಿನ ವಯಸ್ಸು. ಏಪ್ರಿಲ್‌ನಲ್ಲಿ ಸಕುರಾ ಹೂವಿನ ಹೊತ್ತಿಗೆ ಶುರು. ನಡುವೆ ಬೇಸಿಗೆ ರಜೆ, ಕ್ರೀಡಾಕೂಟ, ಶಾಲಾ ಉತ್ಸವ, ಪ್ರವಾಸ. ಮೂರನೆಯ ಮಾರ್ಚ್‌ಗೆ ಬೀಳ್ಕೊಡುಗೆ. ಕತೆಗಾರ ಕಥಾವಸ್ತು ಹುಡುಕಬೇಕಿಲ್ಲ, ಕ್ಯಾಲೆಂಡರೇ ಕೊಡುತ್ತದೆ. ಜೊತೆಗೆ ಮುಗಿಯುವ ದಿನಾಂಕವನ್ನೂ ಕೊಡುತ್ತದೆ. ಪಾತ್ರಗಳು ಅದನ್ನು ಮರೆತು ಹರಟುತ್ತಿರುತ್ತವೆ, ಓದುವವನು ಮರೆಯಲಾರ.

ಹಳೆಯ ಮಾಂಗಾಗಳಲ್ಲಿ ಹೀಗಿರಲಿಲ್ಲ. ಮಾಚಿಕೊ ಹಾಸೆಗಾವಾ 1946ರಲ್ಲಿ ಆರಂಭಿಸಿದ 'ಸಜಾಎ-ಸಾನ್' ನಾಲ್ಕು ಚೌಕಟ್ಟಿನ ಮನೆಮನೆ ಕತೆಗಳ ತಾಯಿಬೇರು. 1969ರಿಂದ ಇಂದಿಗೂ ಭಾನುವಾರ ಸಂಜೆ ಬರುವ ಅದರ ಟಿವಿ ರೂಪದಲ್ಲಿ ಸಜಾಎಯ ತಮ್ಮ ಕಾತ್ಸುಓ ಇನ್ನೂ ಐದನೇ ಕ್ಲಾಸು! ಅಜುಮಾ ತಮ್ಮ ಹುಡುಗಿಯರನ್ನು ಹಾಗೆ ಕೂರಿಸಲಿಲ್ಲ. ಪತ್ರಿಕೆಯಲ್ಲಿ ಮೂರು ವರ್ಷ ಸರಿದಂತೆ ಅವರೂ ಮೂರು ತರಗತಿ ದಾಟಿದರು, ಚಿಯೊ ಓದಲು ಅಮೆರಿಕಕ್ಕೆ ಹೊರಟಳು, ಮಾಂಗಾ ನಿಂತಿತು.

ಕಾಕಿಫ್ಲೈ ಅವರ 'ಕೆ-ಆನ್!' ಈ ಸಂಕಟವನ್ನು ಇನ್ನೂ ಹಿಗ್ಗಿಸಿತು. 2007ರಲ್ಲಿ 'ಮಾಂಗಾ ಟೈಮ್ ಕಿರಾರಾ'ದಲ್ಲಿ ಶುರುವಾದ ಇದರಲ್ಲಿ ನಾಲ್ವರು ಹುಡುಗಿಯರ ಸಂಗೀತ ಸಂಘ ಗಿಟಾರಿಗಿಂತ ಹೆಚ್ಚು ಹೊತ್ತು ಟೀ ಕಪ್ಪು ಹಿಡಿಯುತ್ತದೆ. ಮುಗಿ ಎಂಬ ಶ್ರೀಮಂತರ ಮನೆ ಹುಡುಗಿ ಕೇಕು ತರುತ್ತಾಳೆ, ಅಭ್ಯಾಸ ನಾಳೆಗೆ ಹೋಗುತ್ತದೆ. ಐದನೆಯವಳಾಗಿ ಬಂದ ಅಜುಸಾ ಒಂದು ವರ್ಷ ಚಿಕ್ಕವಳು. ಅಂದರೆ ಉಳಿದವರೆಲ್ಲ ಹೋದ ಮೇಲೂ ಅವಳೊಬ್ಬಳು ಅದೇ ಕೋಣೆಯಲ್ಲಿರಬೇಕು. ಇದರ ಅನಿಮೆಗೆ ಶಿಗಾ ಪ್ರಾಂತದ ತೊಯೊಸಾತೊ ಊರಿನ ಹಳೆಯ ಪ್ರಾಥಮಿಕ ಶಾಲೆಯೇ ಮಾದರಿ ಎನ್ನುತ್ತಾರೆ. 1937ರ ಕಟ್ಟಡ, ಮೆಟ್ಟಿಲ ಕಟಕಟೆಯ ಮೇಲೆ ಕಂಚಿನ ಆಮೆ, ಮೊಲ. ಅಭಿಮಾನಿಗಳು ಅಲ್ಲಿಗೆ ಯಾತ್ರೆ ಹೋಗಿ, ಮೇಜಿನ ಮೇಲೆ ಟೀ ಕಪ್ಪು ಜೋಡಿಸಿ ಬರುತ್ತಾರೆ.

ಹಾಗೆಂದು ಎಲ್ಲವೂ ಅಚ್ಚುಕಟ್ಟೇನಲ್ಲ. 'ಅಜುಮಾಂಗಾ'ದಲ್ಲಿ ಕಿಮುರಾ ಎಂಬ ಮೇಷ್ಟ್ರಿದ್ದಾನೆ. ಹೈಸ್ಕೂಲು ಹುಡುಗಿಯರನ್ನು ಕಂಡರೆ ಬಾಯಿ ಬಿಡುವುದೇ ಅವನ ಹಾಸ್ಯ. ಅಂದು ಯಾರು ನಕ್ಕರೋ, ಇಂದು ಓದಿದರೆ ಮೈ ಮುದುಡುತ್ತದೆ. 'ಕೆ-ಆನ್!' ಗೆದ್ದ ಮೇಲಂತೂ ಅಂಥದೇ ಸಂಘ, ಅಂಥದೇ ದೊಡ್ಡ ಕಣ್ಣುಗಳು ಸಾಲುಗಟ್ಟಿದವು; ಮುಖಕ್ಕಿಂತ ಕೂದಲಿನ ಬಣ್ಣ ನೋಡಿ ಗುರುತು ಹಿಡಿಯುವ ಸ್ಥಿತಿ. ಹೊಡೆದಾಟ, ಪೀಡನೆ, ಪ್ರವೇಶ ಪರೀಕ್ಷೆಯ ಉಸಿರುಕಟ್ಟು ಇವೆಲ್ಲವನ್ನೂ ಬಾಗಿಲಾಚೆ ನಿಲ್ಲಿಸಿ ಕಟ್ಟಿದ ಶಾಲೆ ಎಂಬ ಆಕ್ಷೇಪವೂ ಸುಳ್ಳಲ್ಲ.

ಆ ಆಕ್ಷೇಪಕ್ಕೆ ಕಝುಯಾ ಕೊನೊಮೊತೊ ಅವರ 'ಸೆತೊ ಉತ್ಸುಮಿ'ಗಿಂತ ಒಳ್ಳೆಯ ಉತ್ತರ ನನಗೆ ಸಿಕ್ಕಿಲ್ಲ. ಫುಟ್‌ಬಾಲ್ ಸಂಘ ಬಿಟ್ಟ ಸೆತೊ, ಟ್ಯೂಷನ್ನಿಗೆ ಹೋಗಬೇಕಾದ ಉತ್ಸುಮಿ. ಟ್ಯೂಷನ್ ಶುರುವಾಗುವವರೆಗೆ ಹೊತ್ತು ಹೋಗಬೇಕಲ್ಲ, ನದಿಯ ಮೆಟ್ಟಿಲ ಮೇಲೆ ಕೂತು ಮಾತಾಡುತ್ತಾರೆ. ಒಬ್ಬ ಪೆದ್ದುಮಾತು ಒಗೆಯುವುದು, ಇನ್ನೊಬ್ಬ ತಣ್ಣಗೆ ತಲೆಗೆ ಮೊಟಕುವುದು. ಓಸಾಕಾದ ಮಾನ್‌ಜಾಯ್ ಹಾಸ್ಯಜೋಡಿಗಳ ವರಸೆಯೇ ಇದು. ಎಂಟು ಸಂಪುಟದ ಬಹುಪಾಲು ಈ ಮೆಟ್ಟಿಲ ಮೇಲೆಯೇ ಕಳೆಯುತ್ತದೆ. 2016ರಲ್ಲಿ ಸಿನಿಮಾ ಆದಾಗಲೂ ಇಬ್ಬರು ನಟರು ಹೆಚ್ಚುಕಡಿಮೆ ಕೂತೇ ಇದ್ದರು. ಆದರೆ ಉತ್ಸುಮಿ ಮನೆಗೆ ಯಾಕೆ ಬೇಗ ಹೋಗುವುದಿಲ್ಲ ಎಂಬ ಪ್ರಶ್ನೆ ಆ ಹರಟೆಯ ಅಡಿಯಲ್ಲಿ ಮೊದಲಿನಿಂದಲೂ ಇರುತ್ತದೆ. ಕೊನೆಯ ಭಾಗದಲ್ಲಿ ಅದು ಮೇಲೆ ಬಂದಾಗ, ಹಿಂದೆ ನಕ್ಕ ಎಷ್ಟೋ ಪುಟಗಳನ್ನು ತಿರುಗಿ ಓದಬೇಕಾಗುತ್ತದೆ.

ಅಜುಮಾ ಅವರೇನು ಮಾಡುತ್ತಿದ್ದಾರೆ ಎಂದರೆ, 2003ರಿಂದ ಐದು ವರ್ಷದ ತುಂಟಿ ಯೊತ್ಸುಬಾಳ ಕತೆ ಬರೆಯುತ್ತಿದ್ದಾರೆ. ಬೇಸಿಗೆ ರಜೆಯ ಹಿಂದಿನ ದಿನ ಶುರುವಾದ ಕತೆಯಲ್ಲಿ ಇಪ್ಪತ್ತು ವರ್ಷ ದಾಟಿದರೂ ಇನ್ನೂ ಒಂದು ವರ್ಷ ತುಂಬಿಲ್ಲ. ಈಗೀಗ ಸಂಪುಟಗಳ ನಡುವೆ ಮೂರು ನಾಲ್ಕು ವರ್ಷ ಕಾಯಬೇಕು. ಓದುಗರು ಗೊಣಗುತ್ತಾರೆ, ಬಂದಾಗ ಕೊಳ್ಳುತ್ತಾರೆ.