ಓಡದ ಕಾರಿಗೂ ಬೇಕು ಹೊಸ ಆಯಿಲ್

"ಗಾಡಿ ಓಡಿಯೇ ಇಲ್ಲ, ಮತ್ತೆ ಆಯಿಲ್ ಯಾಕೆ ಬದಲಿಸುವುದು?" ನಮ್ಮ ಮನೆಗಳಲ್ಲಿ ಕಾರಿನ ಮಾತು ಬಂದಾಗೆಲ್ಲ ಕೇಳಿಬರುವ ಪ್ರಶ್ನೆ ಇದು. ಗಲ್ಫ್‌ನಲ್ಲಿರುವ ಮಗ ರಜೆಗೆ ಬಂದಾಗ ಓಡಿಸಲೆಂದು ತೆಗೆದ ಕಾರು ವರ್ಷದ ಹತ್ತು ತಿಂಗಳು ಶೆಡ್‌ನಲ್ಲಿ ನಿಂತಿರುತ್ತದೆ. ಮೀಟರ್ ನೋಡಿದರೆ ವರ್ಷಕ್ಕೆ ಎರಡು ಸಾವಿರ ಕಿಲೋಮೀಟರ್ ಕೂಡ ಆಗಿರುವುದಿಲ್ಲ. ಹತ್ತು ಸಾವಿರ ಆಗಲಿ, ಆಮೇಲೆ ಸರ್ವಿಸ್‌ಗೆ ಬಿಡುವ ಎಂದು ಸುಮ್ಮನಾಗುತ್ತೇವೆ. ಲೆಕ್ಕ ತಪ್ಪುವುದು ಇಲ್ಲೇ. ಎಂಜಿನ್ ಆಯಿಲ್ ಓಡಿದಷ್ಟೇ ಅಲ್ಲ, ನಿಂತಲ್ಲೂ ಹಾಳಾಗುತ್ತದೆ. ಕಡಿಮೆ ದೂರ ಓಡುವ ಕಾರಿನಲ್ಲಂತೂ ಬೇಗ ಹಾಳಾಗುತ್ತದೆ.

ಕಷ್ಟಪಟ್ಟು ದುಡಿದ ಹಣದಲ್ಲಿ ತೆಗೆದ ಗಾಡಿ. ಆಯಿಲ್ ಬದಲಿಸಲು ತಗಲುವ ಖರ್ಚು ಕೆಲವೇ ಸಾವಿರ. ಬದಲಿಸದೆ ಎಂಜಿನ್ ಬಿಚ್ಚುವ ಪರಿಸ್ಥಿತಿ ಬಂದರೆ ಹತ್ತಾರು ಸಾವಿರ ಸಾಲದು, ಕೆಲವು ಗಾಡಿಗಳಿಗೆ ಲಕ್ಷ ದಾಟುತ್ತದೆ. ಹಾಗಾಗಿ ಈ ವಾರ ಈ ವಿಷಯವನ್ನೇ ಸ್ವಲ್ಪ ಬಿಡಿಸಿ ನೋಡೋಣ.

ಆಯಿಲ್ ಮಾಡುವ ಕೆಲಸವೇನು?

ಎಂಜಿನ್ ಒಳಗೆ ಲೋಹದ ಮೇಲೆ ಲೋಹ ನಿಮಿಷಕ್ಕೆ ಸಾವಿರಾರು ಸಲ ಓಡಾಡುತ್ತದೆ. ಅವೆರಡರ ನಡುವೆ ಕೂದಲೆಳೆಗಿಂತ ತೆಳುವಾದ ಆಯಿಲ್ ಪದರವೊಂದು ನಿಂತಿರುತ್ತದೆ. ಅದು ಇರುವುದರಿಂದಲೇ ಪಿಸ್ಟನ್, ಬೇರಿಂಗ್‌ಗಳು ಒಂದನ್ನೊಂದು ತಿನ್ನದೆ ಉಳಿಯುತ್ತವೆ. ಜಾರುವಂತೆ ಮಾಡುವುದು ಆಯಿಲ್‌ನ ಒಂದು ಕೆಲಸ ಮಾತ್ರ. ರೇಡಿಯೇಟರ್ ನೀರು ತಲುಪದ ಜಾಗದಿಂದ ಬಿಸಿಯನ್ನು ಹೊತ್ತು ತರುವುದು, ಇಂಧನ ಉರಿದಾಗ ಹುಟ್ಟುವ ಮಸಿಯನ್ನು ತೊಳೆಯುವುದು, ಆಮ್ಲವನ್ನು ಶಮನ ಮಾಡುವುದು, ತುಕ್ಕು ಹಿಡಿಯದಂತೆ ಕಾಯುವುದು ಎಲ್ಲವೂ ಅದರದ್ದೇ ಕೆಲಸ.

ಇಷ್ಟೆಲ್ಲ ಮಾಡಲು ಡಬ್ಬದಲ್ಲಿರುವ ಎಣ್ಣೆ ಒಂದೇ ಸಾಲದು. ಅದಕ್ಕೆ ಹಲವು ರಾಸಾಯನಿಕಗಳನ್ನು ಬೆರೆಸಿರುತ್ತಾರೆ. ಎಣ್ಣೆ ಒಳಗೇ ಇರುತ್ತದೆ, ಆದರೆ ಬೆರೆಸಿದ ರಾಸಾಯನಿಕಗಳು ಕೆಲಸ ಮಾಡಿ ಮಾಡಿ ಖರ್ಚಾಗುತ್ತವೆ. ಆದ್ದರಿಂದ "ಆಯಿಲ್ ಕಡಿಮೆಯಾಗಿಲ್ಲ, ಇನ್ನೂ ಉಂಟು" ಎನ್ನುವುದು ಸಮಾಧಾನದ ಮಾತಲ್ಲ. ಅರ್ಧ ಲೀಟರ್ ಮೇಲಿಂದ ಸುರಿದರೆ ಮಟ್ಟ ಸರಿಯಾಗುತ್ತದೆ, ಆಯಿಲ್ ಹೊಸತಾಗುವುದಿಲ್ಲ.

ಸಾಸಲಿನ ರಸ್ತೆಯ ಪಾಠ

ವ್ಯಾಪಾರ, ಕೆಲಸ ಎಂದು ಕರಾವಳಿಯಿಂದ ಬೆಂಗಳೂರಿಗೆ ಬಂದು ನೆಲೆಸಿದ ನಮ್ಮವರು ಈಗ ನಗರದ ಆಚೆಗಿನ ತಾಲ್ಲೂಕುಗಳಲ್ಲೂ ಓಡಾಡುತ್ತಾರೆ. ಬೆಂಗಳೂರು ಗ್ರಾಮಾಂತರ ಜಿಲ್ಲೆಯ ದೊಡ್ಡಬಳ್ಳಾಪುರ ತಾಲ್ಲೂಕಿನಲ್ಲಿ ಸಾಸಲು ಎಂಬ ಹೋಬಳಿ ಕೇಂದ್ರವಿದೆ. ಕಾರಿನ ಆಯಿಲ್ ಬೇಗ ಸೋಲುವುದು ಯಾಕೆ ಎಂದು ತಿಳಿಯಲು ಅಂತಹ ಊರಿನ ಓಡಾಟವನ್ನೇ ತೆಗೆದುಕೊಳ್ಳಬಹುದು.

ದಕ್ಷಿಣ ಕನ್ನಡದಲ್ಲಿ ಸುರಿಯುವ ಮಳೆಯ ಕಾಲು ಭಾಗದ ಆಸುಪಾಸು ಮಾತ್ರ ಕಾಣುವ ಬಯಲುಸೀಮೆ ಅದು. ಬೇಸಿಗೆಯಲ್ಲಿ ತೋಟದ ದಾರಿಗೆ ಕಾರು ಇಳಿದರೆ ಹಿಂದೆ ಕೆಂಪು ಧೂಳು ಏಳುತ್ತದೆ. ಎಂಜಿನ್ ಉಸಿರಾಡುವುದು ಇದೇ ಗಾಳಿಯನ್ನು. ಏರ್ ಫಿಲ್ಟರ್ ಹೆಚ್ಚಿನ ಧೂಳನ್ನು ತಡೆಯುತ್ತದೆ ನಿಜ. ಆದರೆ ಫಿಲ್ಟರ್ ಹಳತಾಗಿದ್ದರೆ, ಸರಿಯಾಗಿ ಕೂತಿರದಿದ್ದರೆ ನುಣ್ಣನೆಯ ಕಣಗಳು ಒಳನುಗ್ಗುತ್ತವೆ. ಮಣ್ಣಿನಲ್ಲಿರುವ ಮರಳಿನ ಅಂಶ ಆಯಿಲ್‌ಗೆ ಸೇರಿದರೆ ಅದು ಉಜ್ಜುಕಾಗದದ ಹಾಗೆ ಬೇರಿಂಗ್‌ಗಳನ್ನು ಸವೆಸುತ್ತದೆ. ಧೂಳಿನ ಊರಿನವರು ಆಯಿಲ್ ಜತೆ ಏರ್ ಫಿಲ್ಟರನ್ನೂ ನೋಡಿಸಬೇಕು ಎನ್ನುವುದು ಇದಕ್ಕೆ.

ಎರಡನೆಯದು ಚಿಕ್ಕ ಓಡಾಟ. ಮಕ್ಕಳನ್ನು ಶಾಲೆಗೆ ಬಿಡುವುದು, ಡೇರಿಗೆ ಹಾಲು ಹಾಕಿ ಬರುವುದು, ಅಂಗಡಿಗೆ ಹೋಗಿ ಬರುವುದು, ಹೀಗೆ ಒಂದೊಂದು ಸಲ ಎರಡು-ಮೂರು ಕಿಲೋಮೀಟರ್. ಸಾಸಲಿನಲ್ಲೂ ಇದೇ, ನಮ್ಮ ಬಂಟ್ವಾಳ, ಉಳ್ಳಾಲದ ಮನೆಗಳಲ್ಲೂ ಇದೇ. ಇದರಲ್ಲಿ ಏನು ತೊಂದರೆ ಎಂದು ಕೇಳಬಹುದು.

ಒಂದು ಲೀಟರ್ ಪೆಟ್ರೋಲ್ ಉರಿದರೆ ಸರಿಸುಮಾರು ಒಂದು ಲೀಟರ್ ನೀರು ಹುಟ್ಟುತ್ತದೆ. ಬಹುಪಾಲು ಹಬೆಯಾಗಿ ಸೈಲೆನ್ಸರ್‌ನಿಂದ ಹೊರಗೆ ಹೋಗುತ್ತದೆ. ಸ್ವಲ್ಪ ಪಿಸ್ಟನ್ ಪಕ್ಕದಿಂದ ಕೆಳಗಿಳಿದು ಆಯಿಲ್ ಸೇರುತ್ತದೆ. ಜತೆಗೆ ಉರಿಯದೆ ಉಳಿದ ಪೆಟ್ರೋಲ್ ಕೂಡ. ಆಯಿಲ್ ಚೆನ್ನಾಗಿ ಬಿಸಿಯಾದರೆ ಇವೆರಡೂ ಆವಿಯಾಗಿ ಹೋಗುತ್ತವೆ. ಆದರೆ ಡ್ಯಾಶ್‌ಬೋರ್ಡ್‌ನಲ್ಲಿ ಬಿಸಿಯ ಮುಳ್ಳು ಮಧ್ಯಕ್ಕೆ ಬಂದ ಮೇಲೂ ಆಯಿಲ್ ಪೂರ್ತಿ ಬಿಸಿಯಾಗಲು ಇನ್ನಷ್ಟು ಹೊತ್ತು ಬೇಕು. ಅಷ್ಟರೊಳಗೆ ಮನೆ ಬಂದಿರುತ್ತದೆ, ಎಂಜಿನ್ ಬಂದ್ ಆಗುತ್ತದೆ. ನೀರು ಒಳಗೇ ಉಳಿಯುತ್ತದೆ. ದಿನಾ ಹೀಗಾದರೆ ಆಯಿಲ್ ತೆಳುವಾಗುತ್ತದೆ, ಆಮ್ಲ ಹೆಚ್ಚುತ್ತದೆ, ಕೊನೆಗೆ ಕಪ್ಪು ಗೊಜ್ಜಿನಂತಹ ಜಿಡ್ಡು ಕಟ್ಟಿ ಆಯಿಲ್ ಹೋಗುವ ಸಣ್ಣ ದಾರಿಗಳನ್ನು ಮುಚ್ಚುತ್ತದೆ.

2020ರ ಏಪ್ರಿಲ್‌ನಿಂದ ಬಂದ ಬಿಎಸ್6 ಡೀಸೆಲ್ ಕಾರು ಇಟ್ಟುಕೊಂಡವರು ಇನ್ನೂ ಒಂದು ವಿಷಯ ತಿಳಿದಿರಬೇಕು. ಈ ಗಾಡಿಗಳಲ್ಲಿ ಮಸಿ ಹಿಡಿಯುವ ಫಿಲ್ಟರ್ ಇರುತ್ತದೆ. ತುಂಬಿದ ಮಸಿಯನ್ನು ಸುಡಲು ಎಂಜಿನ್ ಆಗಾಗ ಹೆಚ್ಚುವರಿ ಡೀಸೆಲ್ ಬಿಡುತ್ತದೆ. ಮಧ್ಯದಲ್ಲೇ ಕಾರು ನಿಲ್ಲಿಸುತ್ತಾ ಇದ್ದರೆ ಆ ಡೀಸೆಲ್ ಆಯಿಲ್‌ಗೆ ಇಳಿಯುತ್ತದೆ. ಆಗ ಡಿಪ್‌ಸ್ಟಿಕ್‌ನಲ್ಲಿ ಆಯಿಲ್ ಮಟ್ಟ ಕಡಿಮೆಯಾಗುವ ಬದಲು ಏರುತ್ತದೆ! ಏರಿದ್ದು ಕಂಡರೆ ಖುಷಿ ಪಡುವುದಲ್ಲ, ಗ್ಯಾರೇಜಿಗೆ ಹೋಗಬೇಕು.

ಶಿರಾಡಿ ಹತ್ತುವಾಗ

ಬೆಂಗಳೂರು ಕಡೆ ಇರುವವರು ಊರಿಗೆ ಹೋಗಲು ಸಾಮಾನ್ಯವಾಗಿ ನೆಲಮಂಗಲ, ಹಾಸನ, ಸಕಲೇಶಪುರ ದಾಟಿ ಶಿರಾಡಿ ಇಳಿಯುತ್ತಾರೆ. ಮಂಗಳೂರಿಗೆ ಸುಮಾರು 350 ಕಿಲೋಮೀಟರ್. ಬಯಲಿನ ಹೈವೇಯಲ್ಲಿ ಒಂದೇ ವೇಗದಲ್ಲಿ ಹೋಗುವುದು ಎಂಜಿನ್‌ಗೆ ಸುಲಭದ ಕೆಲಸ. ಬೇಕಾದರೆ ಅದು ಒಳಗಿನ ನೀರಿನ ಪಸೆಯನ್ನೂ ಒಣಗಿಸುತ್ತದೆ. ಕಷ್ಟ ಬರುವುದು ಮರಳಿ ಬರುವಾಗ, ಮನೆಯವರೆಲ್ಲ ಕೂತು, ಡಿಕ್ಕಿಯಲ್ಲಿ ತೆಂಗಿನಕಾಯಿ, ಅಕ್ಕಿ ಮೂಟೆ ತುಂಬಿಸಿ, ಲಾರಿಗಳ ಹಿಂದೆ ಫಸ್ಟ್, ಸೆಕೆಂಡ್ ಗೇರ್‌ನಲ್ಲಿ ಘಾಟಿ ಹತ್ತುವಾಗ. ವೇಗ ಕಡಿಮೆ, ಭಾರ ಹೆಚ್ಚು, ಗಾಳಿ ಕಡಿಮೆ. ಆಯಿಲ್ ಅತಿಯಾಗಿ ಬಿಸಿಯಾಗುವುದು ಆಗಲೇ.

ಟರ್ಬೊ ಇರುವ ಗಾಡಿಯಾದರೆ ಇನ್ನೂ ಜಾಗ್ರತೆ ಬೇಕು. ಟರ್ಬೊದ ಚಕ್ರ ನಿಮಿಷಕ್ಕೆ ಒಂದು ಲಕ್ಷಕ್ಕೂ ಹೆಚ್ಚು ಸುತ್ತು ತಿರುಗುತ್ತದೆ. ಅದು ನಿಂತಿರುವುದೇ ಆಯಿಲ್ ಪದರದ ಮೇಲೆ. ನಮ್ಮಲ್ಲಿ ಸೆಕೆಂಡ್ ಹ್ಯಾಂಡ್ ಆಗಿ ಬಹಳ ಓಡುವ ಹಳೆಯ ಸ್ವಿಫ್ಟ್, ಡಿಝೈರ್ ಡೀಸೆಲ್‌ಗಳಲ್ಲಿ ಇರುವುದು ಫಿಯೆಟ್‌ನ 1.3 ಲೀಟರ್ ಎಂಜಿನ್. ಅದರಲ್ಲಿ ಟರ್ಬೊ ಮಾತ್ರವಲ್ಲ, ಟೈಮಿಂಗ್ ಚೈನನ್ನು ಬಿಗಿಯಾಗಿ ಹಿಡಿಯುವುದಕ್ಕೂ ಆಯಿಲ್ ಒತ್ತಡವೇ ಬೇಕು. ಆಯಿಲ್ ಕೆಟ್ಟರೆ ಎರಡಕ್ಕೂ ಪೆಟ್ಟು. ಘಾಟಿ ಹತ್ತಿ ಬಂದು ಹೋಟೆಲ್ ಎದುರು ನಿಲ್ಲಿಸಿದ ಕೂಡಲೇ ಕೀ ತಿರುಗಿಸಿ ಬಂದ್ ಮಾಡಬೇಡಿ. ಒಂದೆರಡು ನಿಮಿಷ ಎಂಜಿನ್ ಹಾಗೇ ಓಡಲಿ, ಟರ್ಬೊ ತಣಿಯಲಿ.

ಶೆಡ್‌ನಲ್ಲಿ ನಿಂತ ಕಾರು

ಈಗ ಮೊದಲ ಪ್ರಶ್ನೆಗೆ ಬರೋಣ. ಮಗ ರಜೆಗೆ ಬಂದು ಮದುವೆ, ನೆಂಟರ ಮನೆ ಎಂದು ಒಂದು ತಿಂಗಳು ಓಡಿಸಿ ಹೋದ. ಆ ಬಳಸಿದ ಆಯಿಲ್‌ನಲ್ಲಿ ಮಸಿ, ನೀರು, ಆಮ್ಲ ಎಲ್ಲ ಇದೆ. ಅದು ಹತ್ತು ತಿಂಗಳು ಹಾಗೆಯೇ ಲೋಹವನ್ನು ಮುಟ್ಟಿಕೊಂಡು ಕೂರುತ್ತದೆ. ಮೇಲಿಂದ ಕರಾವಳಿಯ ತೇವ. ಆದ್ದರಿಂದ ರಜೆಗೆ ಬಂದಾಗಲ್ಲ, ರಜೆ ಮುಗಿಸಿ ಹೋಗುವ ಮೊದಲು ಆಯಿಲ್ ಬದಲಿಸಿಡುವುದು ಜಾಣತನ.

ನಿಂತ ಕಾರನ್ನು ವಾರಕ್ಕೊಮ್ಮೆ ಶೆಡ್‌ನಲ್ಲೇ ಎರಡು ನಿಮಿಷ ಸ್ಟಾರ್ಟ್ ಮಾಡಿ ಬಂದ್ ಮಾಡುವ ಅಭ್ಯಾಸ ಹಲವು ಮನೆಗಳಲ್ಲಿ ಉಂಟು. ಬ್ಯಾಟರಿ ಉಳಿಯಲಿ ಎಂಬ ಉದ್ದೇಶ ಒಳ್ಳೆಯದೇ. ಆದರೆ ಎರಡು ನಿಮಿಷದಲ್ಲಿ ಬ್ಯಾಟರಿಯೂ ತುಂಬುವುದಿಲ್ಲ, ಆಯಿಲ್‌ಗೆ ನೀರು ಸೇರಿದ್ದೇ ಲಾಭ. ಮುಚ್ಚಿದ ಶೆಡ್‌ನಲ್ಲಾದರೆ ಹೊಗೆ ಜೀವಕ್ಕೇ ಅಪಾಯ. ಅದರ ಬದಲು ವಾರಕ್ಕೋ, ಎರಡು ವಾರಕ್ಕೋ ಒಮ್ಮೆ ಅರ್ಧ ಗಂಟೆ ರಸ್ತೆಯಲ್ಲಿ ಓಡಿಸಿ ತನ್ನಿ. ಮನೆಯಲ್ಲಿ ಲೈಸೆನ್ಸ್ ಇರುವ ಹೆಣ್ಣುಮಕ್ಕಳಿದ್ದರೆ ಇದಕ್ಕಿಂತ ಒಳ್ಳೆಯ ನೆಪ ಬೇರೆ ಬೇಕೇ?

ಹಾಗಾದರೆ ಎಷ್ಟು ದಿನಕ್ಕೊಮ್ಮೆ?

ಅಂಬಾಸಿಡರ್, ಪ್ರೀಮಿಯರ್ ಪದ್ಮಿನಿ ಓಡಿಸಿದ ಹಿರಿಯರು "ಮೂರು ಸಾವಿರಕ್ಕೊಮ್ಮೆ ಬದಲಿಸು" ಎನ್ನುವುದುಂಟು. ಅಂದಿನ ಎಂಜಿನ್, ಅಂದಿನ ಆಯಿಲ್‌ಗೆ ಆ ಮಾತು ಸರಿ. ಇಂದಿನ ಬಹಳಷ್ಟು ಪೆಟ್ರೋಲ್ ಕಾರುಗಳಿಗೆ ಕಂಪೆನಿ ಹೇಳುವುದು 10,000 ಕಿಲೋಮೀಟರ್ ಅಥವಾ ಒಂದು ವರ್ಷ, ಯಾವುದು ಮೊದಲೋ ಅದು. ಕೆಲವು ಗಾಡಿಗಳಿಗೆ ಇದಕ್ಕಿಂತ ಹೆಚ್ಚೂ ಉಂಟು. ನಿಮ್ಮ ಕಾರಿಗೆ ಎಷ್ಟು ಎಂಬುದು ಗ್ಲೋವ್ ಬಾಕ್ಸ್‌ನಲ್ಲಿರುವ ಪುಸ್ತಕದಲ್ಲಿ ಇರುತ್ತದೆ. ಪಕ್ಕದ ಮನೆಯವರ ಮಾತಿಗಿಂತ ಆ ಪುಸ್ತಕದ ಮಾತೇ ಮೇಲು.

"ಯಾವುದು ಮೊದಲೋ ಅದು" ಎಂಬ ಮಾತನ್ನು ಮರೆಯಬೇಡಿ. ಎರಡೇ ಸಾವಿರ ಓಡಿದ್ದರೂ ವರ್ಷ ತುಂಬಿದರೆ ಬದಲಿಸಲೇಬೇಕು. ಅದೇ ಪುಸ್ತಕದಲ್ಲಿ ಕಠಿಣ ಬಳಕೆಗೆ ಬೇರೆಯೇ ಒಂದು ಪಟ್ಟಿ ಇರುತ್ತದೆ. ಧೂಳಿನ ರಸ್ತೆ, ಚಿಕ್ಕ ಓಡಾಟ, ಸಿಟಿ ಟ್ರಾಫಿಕ್, ಘಾಟಿ, ಭಾರ ಎಳೆಯುವುದು ಎಲ್ಲ ಆ ಪಟ್ಟಿಗೆ ಸೇರಿದವು. ನಮ್ಮ ಹೆಚ್ಚಿನ ಕಾರುಗಳು ಇರುವುದು ಇದೇ ಪಟ್ಟಿಯಲ್ಲಿ, ನಾವು ಓದುವುದು ಮಾತ್ರ ಮೊದಲಿನ ಪಟ್ಟಿ! ಕಠಿಣ ಬಳಕೆಯ ಗಾಡಿಗೆ ಸಾಮಾನ್ಯವಾಗಿ ಅರ್ಧ ಅವಧಿ, ಅಂದರೆ 5,000 ಕಿಲೋಮೀಟರ್ ಅಥವಾ ಆರು ತಿಂಗಳು ಎಂದಿಟ್ಟುಕೊಂಡರೆ ತಪ್ಪಾಗದು. ಪ್ರತಿ ಸಲವೂ ಆಯಿಲ್ ಫಿಲ್ಟರ್ ಹೊಸತೇ ಇರಲಿ. ಹಳೆ ಫಿಲ್ಟರ್‌ಗೆ ಹೊಸ ಆಯಿಲ್ ಎಂದರೆ ಸ್ನಾನ ಮಾಡಿ ಕೊಳೆ ಬಟ್ಟೆ ಉಟ್ಟ ಹಾಗೆ.

ಯಾವ ಆಯಿಲ್ ಎಂಬುದನ್ನೂ ಪುಸ್ತಕವೇ ಹೇಳುತ್ತದೆ. ಡಬ್ಬದ ಮೇಲೆ 5ಡಬ್ಲ್ಯು-30 ಎಂದಿದ್ದರೆ, ಮೊದಲ ಅಂಕೆ ಚಳಿಯಲ್ಲಿ ಎಷ್ಟು ಸಲೀಸಾಗಿ ಹರಿಯುತ್ತದೆ ಎಂಬುದಕ್ಕೆ, ಎರಡನೆಯದು ಎಂಜಿನ್ ಬಿಸಿಯಲ್ಲಿ ಎಷ್ಟು ಮಂದವಾಗಿರುತ್ತದೆ ಎಂಬುದಕ್ಕೆ. ಮಂದ ಆಯಿಲ್ ಹಾಕಿದರೆ ಎಂಜಿನ್ ಗಟ್ಟಿ ಎಂಬುದು ತಪ್ಪು ನಂಬಿಕೆ. ತೆಳು ಆಯಿಲ್‌ಗೆಂದೇ ಮಾಡಿದ ಹೊಸ ಎಂಜಿನ್‌ನಲ್ಲಿ ಮಂದ ಆಯಿಲ್ ಸಮಯಕ್ಕೆ ಸರಿಯಾಗಿ ತಲುಪುವುದಿಲ್ಲ. ಸೀಲ್ ಸರಿಯಿರುವ ಡಬ್ಬ ನೋಡಿ, ಬಿಲ್ ಪಡೆದು ಕೊಳ್ಳಿ. ಖಾಲಿ ಡಬ್ಬಕ್ಕೆ ತೂತು ಮಾಡಿ ಬಿಸಾಡಿ. ಇಲ್ಲದಿದ್ದರೆ ನಕಲಿ ಆಯಿಲ್ ತುಂಬಿಸುವವರ ಕೈಗೆ ಅದು ಸಿಗುತ್ತದೆ.

ಮನೆಯಲ್ಲೇ ನೋಡಿ

ತಿಂಗಳಿಗೊಮ್ಮೆ, ಉದ್ದದ ಪ್ರಯಾಣಕ್ಕೆ ಮೊದಲು ಒಮ್ಮೆ ಆಯಿಲ್ ಮಟ್ಟ ನೋಡುವುದು ಯಾರಿಗೂ ಆಗುವ ಕೆಲಸ. ಸಮತಟ್ಟು ಜಾಗದಲ್ಲಿ ಎಂಜಿನ್ ಬಂದ್ ಮಾಡಿ ಕೆಲವು ನಿಮಿಷ ಬಿಡಿ. ಡಿಪ್‌ಸ್ಟಿಕ್ ಎಳೆದು ಬಟ್ಟೆಯಲ್ಲಿ ಒರೆಸಿ, ಪುನಃ ಪೂರ್ತಿ ಒಳಗೆ ಹಾಕಿ ತೆಗೆಯಿರಿ. ಎರಡು ಗುರುತುಗಳ ನಡುವೆ ಆಯಿಲ್ ಇದ್ದರೆ ಸರಿ. ಮೇಲಿನ ಗುರುತು ದಾಟಿ ತುಂಬಿಸುವುದೂ ಒಳ್ಳೆಯದಲ್ಲ, ನೊರೆ ಬಂದು ಒತ್ತಡ ಕುಸಿಯುತ್ತದೆ.

ಬಣ್ಣ ಕಪ್ಪಾಯಿತು ಎಂದು ಹೆದರಬೇಡಿ. ಡೀಸೆಲ್ ಗಾಡಿಯಲ್ಲಿ ಬೇಗನೆ ಕಪ್ಪಾಗುತ್ತದೆ, ಮಸಿ ತೊಳೆಯುತ್ತಿದೆ ಎಂದರ್ಥ. ಆದರೆ ಹಾಲು ಬೆರೆತ ಚಹಾದ ಬಣ್ಣಕ್ಕೆ ತಿರುಗಿದ್ದರೆ ನೀರು ಸೇರಿದೆ, ಕೂಡಲೇ ತೋರಿಸಿ. ಓಡುವಾಗ ಕೆಂಪು ಆಯಿಲ್ ದೀಪ ಹತ್ತಿದರೆ "ಮುಂದಿನ ಊರಿನಲ್ಲಿ ನೋಡುವ" ಎನ್ನಬೇಡಿ. ಪಕ್ಕಕ್ಕೆ ನಿಲ್ಲಿಸಿ ಎಂಜಿನ್ ಬಂದ್ ಮಾಡಿ. ಒತ್ತಡ ಇಲ್ಲದೆ ಓಡುವ ಕೆಲವೇ ನಿಮಿಷ ಸಾಕು, ಎಂಜಿನ್ ಮುಗಿಯಲು.

ಸೆಕೆಂಡ್ ಹ್ಯಾಂಡ್ ಕಾರು ಕೊಳ್ಳುವಾಗ ಹೊಳೆಯುವ ಬಣ್ಣಕ್ಕಿಂತ ಸರ್ವಿಸ್ ದಾಖಲೆ ಕೇಳಿ. ಆಯಿಲ್ ತುಂಬುವ ಮುಚ್ಚಳ ಬಿಚ್ಚಿ ಒಳಗೆ ಇಣುಕಿ. ದಪ್ಪ ಜಿಡ್ಡು ಕಟ್ಟಿದ್ದರೆ ಆ ಗಾಡಿಯ ಕಥೆ ಅಲ್ಲೇ ಗೊತ್ತಾಗುತ್ತದೆ.

ಹಳೆ ಆಯಿಲ್ ಎಲ್ಲಿಗೆ?

ಸಣ್ಣ ಕಾರಿನಿಂದ ಒಂದು ಸಲಕ್ಕೆ ಮೂರು ಲೀಟರಿನಷ್ಟು ಹಳೆ ಆಯಿಲ್ ಇಳಿಯುತ್ತದೆ. ಅದನ್ನು ಚರಂಡಿಗೋ, ತೋಟದ ಮೂಲೆಗೋ ಸುರಿಯುವುದು ದೊಡ್ಡ ತಪ್ಪು. ಒಂದು ಸಲ ಬದಲಿಸಿದ ಆಯಿಲ್ ಸುಮಾರು 38 ಲಕ್ಷ ಲೀಟರ್ ಸಿಹಿನೀರನ್ನು ಕೆಡಿಸಬಲ್ಲದು ಎಂದು ಅಮೆರಿಕದ ಪರಿಸರ ಸಂರಕ್ಷಣಾ ಸಂಸ್ಥೆ ಎಚ್ಚರಿಸುತ್ತದೆ. ನದಿ ಇಲ್ಲದೆ ಕೊಳವೆಬಾವಿ, ಕೆರೆಯನ್ನೇ ನಂಬಿದ ಬಯಲುಸೀಮೆಯ ಊರಿಗೂ, ಮನೆಯಂಗಳದ ಬಾವಿ ನೀರು ಕುಡಿಯುವ ನಮ್ಮ ಕರಾವಳಿಗೂ ಇದು ಸಣ್ಣ ಮಾತಲ್ಲ.

ಕಾನೂನಿನ ಪ್ರಕಾರ ಬಳಸಿದ ಆಯಿಲ್ ಅಪಾಯಕಾರಿ ತ್ಯಾಜ್ಯ. 2024ರ ಏಪ್ರಿಲ್ 1ರಿಂದ ಆಯಿಲ್ ತಯಾರಕರೇ ಅದರ ಮರುಬಳಕೆಗೆ ಹೊಣೆಗಾರರು ಎಂಬ ನಿಯಮ ಜಾರಿಯಲ್ಲಿದೆ. ಮನೆಯಲ್ಲೇ ಬದಲಿಸುವವರು ಹಳೆ ಆಯಿಲನ್ನು ಡಬ್ಬದಲ್ಲಿ ತುಂಬಿ ಗ್ಯಾರೇಜಿಗೆ ಕೊಡಿ. ಗ್ಯಾರೇಜಿನವರು ಮಾಲಿನ್ಯ ನಿಯಂತ್ರಣ ಮಂಡಳಿಯ ಅನುಮತಿ ಇರುವವರಿಗೇ ಮಾರಲಿ. ಶುದ್ಧಗೊಳಿಸಿದರೆ ಅದೇ ಎಣ್ಣೆ ಮತ್ತೆ ಬಳಕೆಗೆ ಬರುತ್ತದೆ.

ಇಂದು ಮಾಡಬಹುದಾದ ಕೆಲಸ ಒಂದೇ. ಕಾರಿನ ಪುಸ್ತಕ ತೆಗೆದು ಕಳೆದ ಸಲ ಆಯಿಲ್ ಬದಲಿಸಿದ ತಾರೀಕು, ಆಗ ಮೀಟರ್‌ನಲ್ಲಿದ್ದ ಕಿಲೋಮೀಟರ್ ಎರಡನ್ನೂ ನೋಡಿ. ಮುಂದಿನ ಸಲದ್ದನ್ನು ಒಂದು ಚೀಟಿಯಲ್ಲಿ ಬರೆದು ಬಾನೆಟ್ ಒಳಗೆ ಅಂಟಿಸಿ, ಮನೆಯ ಕ್ಯಾಲೆಂಡರಿನಲ್ಲೂ ಗುರುತು ಹಾಕಿ. ತಾರೀಕು ಸಿಗದಿದ್ದರೆ ತಡ ಮಾಡದೆ ಬದಲಿಸಿ, ಅಲ್ಲಿಂದಲೇ ಹೊಸ ಲೆಕ್ಕ ಶುರು ಮಾಡಿ.