ಮಲಗಿದ ಬೆಕ್ಕಿನ ಉಸಿರು

ಪುಣೆಯ ಸದಾಶಿವ ಪೇಠೆಯ ನಮ್ಮ ಮನೆಯಲ್ಲಿ ಒಂದು ಪರ್ಶಿಯನ್ ಬೆಕ್ಕಿತ್ತು. ನೆರೆಮನೆಯ ಮರಾಠಿ ಅಜ್ಜಿ 'ಮನೀ' ಎಂದು ಕರೆದರು, ನಮಗೂ ಅದೇ ಹೆಸರಾಯಿತು. ಕಳೆದ ಮಳೆಗಾಲದಲ್ಲಿ ಅದು ಕಪಾಟು ಹತ್ತುವುದನ್ನು ಬಿಟ್ಟಿತು. "ಸೋಮಾರಿ ಆಗೇದ, ಬಿಡು" ಅಂದಳು ಅವ್ವ. ಒಂದು ಬೆಳಿಗ್ಗೆ ಹಿಂಗಾಲೆರಡೂ ಬಿದ್ದುಹೋಗಿದ್ದವು, ಮುಟ್ಟಿದರೆ ತಣ್ಣಗೆ. ಅದರ ಕೂಗು ಇನ್ನೂ ಕಿವಿಯಲ್ಲಿದೆ. ಎಲ್ಲೋ ಪೆಟ್ಟಾಗಿದೆ ಎಂದುಕೊಂಡೆವು. ರೋಗ ಕಾಲಿನದಲ್ಲ, ಹೃದಯದ್ದು ಎಂದರು ವೈದ್ಯರು. ಮನೀ ಉಳಿಯಲಿಲ್ಲ.

ಹೃದಯದ ಸ್ನಾಯು ದಪ್ಪವಾಗುವ ಈ ರೋಗಕ್ಕೆ ಹೈಪರ್‌ಟ್ರೋಫಿಕ್ ಕಾರ್ಡಿಯೋಮಯೋಪತಿ ಎಂದು ಹೆಸರು. ಬೆಕ್ಕುಗಳ ಹೃದ್ರೋಗಗಳಲ್ಲಿ ಇದೇ ಹೆಚ್ಚು. ಸ್ನಾಯು ದಪ್ಪವಾದರೆ ಬಲವೂ ಹೆಚ್ಚಬೇಕಲ್ಲ ಎಂದು ನೀವು ಕೇಳಬಹುದು. ಹಾಗಲ್ಲ. ಎಡ ಹೃತ್ಕುಕ್ಷಿಯ ಗೋಡೆ ದಪ್ಪವಾಗಿ ಬಿರುಸಾದರೆ ಅದು ಸರಿಯಾಗಿ ಸಡಿಲುವುದಿಲ್ಲ, ಒಳಗಿನ ಜಾಗವೂ ಕಿರಿದಾಗುತ್ತದೆ. ತುಂಬದ ಕೊಡದಿಂದ ಎಷ್ಟು ನೀರು ಸುರಿದೀತು? ರಕ್ತ ಹಿಂದೆ ನಿಂತು ಹೃತ್ಕರ್ಣ ಹಿಗ್ಗುತ್ತದೆ, ಶ್ವಾಸಕೋಶದಲ್ಲಿ ನೀರು ಸೇರುತ್ತದೆ. ನಿಂತ ರಕ್ತ ಹೆಪ್ಪುಗಟ್ಟುವುದೂ ಉಂಟು. ಆ ಹೆಪ್ಪು ಮಹಾಪಧಮನಿಯಲ್ಲಿ ಸಾಗಿ, ಹಿಂಗಾಲುಗಳಿಗೆ ಕವಲೊಡೆಯುವ ಜಾಗದಲ್ಲಿ ಸಿಕ್ಕಿಕೊಳ್ಳುತ್ತದೆ. ಮನೀಗೆ ಆದದ್ದು ಇದೇ.

"ನಮ್ಮ ಮೊಸರನ್ನದಿಂದ ಬಂತೇನೋ?" ಎಂದು ಅವ್ವ ಅತ್ತಳು. ಈ ರೋಗ ಹಾಗೆ ಬರುವುದಲ್ಲ. ಮೇಯ್ನ್ ಕೂನ್ ತಳಿಯಲ್ಲಿ ಇದಕ್ಕೆ ಕಾರಣವಾದ ಜೀನಿನ ದೋಷವೊಂದನ್ನು 2005ರಲ್ಲಿ ಗುರುತಿಸಿದರು. ಬೀದಿಯ ಬೆಕ್ಕಿಗೂ ಇದು ಬರುತ್ತದೆ. ಆದರೆ ಅವ್ವನ ಮಾತಿನಲ್ಲಿ ಹುರುಳಿಲ್ಲದಿಲ್ಲ. ಸ್ನಾಯು ಸೋತು ಹೃದಯ ಹಿಗ್ಗುವ ಇನ್ನೊಂದು ರೋಗಕ್ಕೆ ಟಾರಿನ್ ಎಂಬ ಸತ್ವದ ಕೊರತೆ ಕಾರಣವೆಂದು 1987ರಲ್ಲಿ ತಿಳಿಯಿತು. ಅದು ಮಾಂಸ, ಮೀನಿನಲ್ಲಿದೆ, ಅನ್ನದಲ್ಲಿಲ್ಲ. ಸಸ್ಯಾಹಾರಿ ಮನೆಯ ಬೆಕ್ಕಿಗೆ ಟಾರಿನ್ ಇರುವ ಆಹಾರ ಬೇಕೇ ಬೇಕು.

ಮನೀಯ ರೋಗವನ್ನು ಪೂರ್ತಿ ವಾಸಿಮಾಡುವ ಮದ್ದಿಲ್ಲ. ನೀರಿಳಿಸಲು ಫ್ಯುರೋಸಮೈಡ್, ಹೆಪ್ಪು ತಡೆಯಲು ಕ್ಲೋಪಿಡೋಗ್ರೆಲ್ ಕೊಡುತ್ತಾರೆ. ಪ್ರಮಾಣ ವೈದ್ಯರೇ ಹೇಳಬೇಕು. ಸ್ಟೆತೊಸ್ಕೋಪಿಗೆ ಏನೂ ಕೇಳಿಸದೆ ಇರಬಹುದು. ಗೋಡೆಯ ದಪ್ಪ ಕಾಣುವುದು ಎಕೋ ಪರೀಕ್ಷೆಯಲ್ಲಿ.

ನಾವು ಮಾಡಬಹುದಾದದ್ದು ಒಂದಿದೆ. ಬೆಕ್ಕು ಗಾಢವಾಗಿ ಮಲಗಿದಾಗ ಎದೆ ಏರಿ ಇಳಿದದ್ದನ್ನು ಒಂದು ಉಸಿರೆಂದು ಎಣಿಸಿ. ನಿಮಿಷಕ್ಕೆ 30ಕ್ಕಿಂತ ಹೆಚ್ಚು ಮತ್ತೆ ಮತ್ತೆ ಕಂಡರೆ ವೈದ್ಯರಿಗೆ ತೋರಿಸಿ. ಸುಮ್ಮನೆ ಕುಳಿತ ಬೆಕ್ಕು ಬಾಯಿ ತೆರೆದು ಏದುತ್ತಿದ್ದರೆ ತಡಮಾಡಲೇಬೇಡಿ.

ಬೆಕ್ಕು ಕಣ್ಣು ಮುಚ್ಚಿ ಹಾಲು ಕುಡಿಯುತ್ತದೆಂದು ನಗುತ್ತೇವೆ. ನಮ್ಮ ಮನೆಯಲ್ಲಿ ಕಣ್ಣು ಮುಚ್ಚಿದ್ದವರು ನಾವೇ. ಮೊನ್ನೆ ಅಜ್ಜಿಯ ಮನೆಯ ಬೆಕ್ಕಿನ ಉಸಿರೆಣಿಸುತ್ತ ಕುಳಿತಿದ್ದೆ. 22. ಅವ್ವ ಬಾಗಿಲಲ್ಲಿ ನಿಂತು ಕೇಳಿದಳು: "ಎಷ್ಟು ಬಂತು?"