ಬೆಸುಗೆಯ ಬಲ

ಕಾಪುವಿನ ಕಡಲಂಚಿನ ಬಂಡೆಯ ಮೇಲೆ 1901ರಿಂದ ನಿಂತಿರುವ ದೀಪಸ್ತಂಭ ದೂರದ ನಾವಿಕನ ಕಣ್ಣಿಗೆ ಬೀಳಲೆಂದೇ ಕಟ್ಟಿದುದು. ಕಾರ್ಕಳದ ಬೆಟ್ಟದ ಮೇಲೆ 1432ರಲ್ಲಿ ವೀರಪಾಂಡ್ಯನು ನಿಲ್ಲಿಸಿದ ಬಾಹುಬಲಿ ಏಕಶಿಲೆ. ಸುಮಾರು 42 ಅಡಿಯ ಆ ದೇಹದಲ್ಲಿ ಸಂದಿಯೆಂಬುದೇ ಇಲ್ಲ. ಇವೆರಡಕ್ಕೂ ಪ್ರತಿಯಾಗಿ, ಕಣ್ಣಿಗೆ ಬೀಳದಿರುವುದನ್ನೇ ಧರ್ಮವಾಗಿಯೂ ಸಂದಿಗಳನ್ನೇ ದೇಹವಾಗಿಯೂ ಉಳ್ಳ ಇನ್ನೊಂದು ನಿರ್ಮಿತಿಯಿದೆ. ಅದೇ ಜಲಾಂತರ್ಗಾಮಿ ನೌಕೆ.

ನನ್ನಲ್ಲಿ ಕನ್ನಡ ಕಲಿತು, ಆಮೇಲೆ ಮಣಿಪಾಲದಲ್ಲಿ ಇಂಜಿನಿಯರಾದ ಹಳೆಯ ವಿದ್ಯಾರ್ಥಿಯೊಬ್ಬರು ಮುಂಬಯಿಯ ಮಜಗಾಂವ್ ಡಾಕ್‌ನಲ್ಲಿ ಇಂತಹ ನೌಕೆಯ ನಿರ್ಮಾಣದಲ್ಲಿ ಪಾಲ್ಗೊಂಡವರು. ಉಡುಪಿಯ ನಮ್ಮ ಮನೆಗೆ ಬಂದಾಗ, ಆ ಕೆಲಸದಲ್ಲಿ ಅತ್ಯಂತ ಕಠಿಣವಾದುದು ಯಾವುದೆಂದು ಕೇಳಿದೆ. ಎಂಜಿನ್ ಎಂದಾರು, ಟಾರ್ಪೆಡೊ ಎಂದಾರು ಎಂದುಕೊಂಡಿದ್ದೆ. “ಬೆಸುಗೆ, ಸರ್” ಎಂದರು.

ಅದಕ್ಕೆ ಕಾರಣವುಂಟು. ಸಮುದ್ರದಲ್ಲಿ ಪ್ರತಿ 10 ಮೀಟರ್ ಆಳಕ್ಕೂ ಒಂದು ವಾಯುಮಂಡಲದಷ್ಟು ಒತ್ತಡ ಹೆಚ್ಚುತ್ತದೆ. 300 ಮೀಟರ್ ಆಳದಲ್ಲಿ ಒಂದೊಂದು ಚದರ ಮೀಟರಿನ ಮೇಲೂ ಸುಮಾರು 300 ಟನ್ ನೀರಿನ ಭಾರ. ಅದನ್ನು ತಾಳಬೇಕಾದರೆ ಉಕ್ಕಿನ ಒಡಲು ನಿಷ್ಕೃಷ್ಟವಾದ ವೃತ್ತವಾಗಿರಬೇಕು. ವೃತ್ತ ತುಸು ಸೊಟ್ಟಗಾದರೂ ತಡೆಯುವ ಶಕ್ತಿ ಕುಗ್ಗುತ್ತದೆ. 2017ರ ಡಿಸೆಂಬರ್ 14ರಂದು ನೌಕಾಪಡೆಯನ್ನು ಸೇರಿದ ‘ಕಲ್ವರಿ’ಯ ಉದ್ದ ಸುಮಾರು 67 ಮೀಟರ್. ಫ್ರೆಂಚ್ ವಿನ್ಯಾಸದ ಆ ನೌಕೆಯ ಒಡಲನ್ನು ಐದು ಖಂಡಗಳಾಗಿ ಕಟ್ಟಿ, ಬಳಿಕ ಒಂದಾಗಿ ಬೆಸೆದರು. ಒಳಗೆ ಸುಮಾರು 60 ಕಿಲೋಮೀಟರ್ ಕೇಬಲ್ಲು, 11 ಕಿಲೋಮೀಟರ್ ಕೊಳವೆ; ತಲಾ 750 ಕಿಲೋ ತೂಗುವ 360 ಬ್ಯಾಟರಿ ಕೋಶಗಳು.

ಬೆಸುಗೆಯ ಪರಮವೈರಿ ತೇವ. ಕಾದ ಲೋಹದೊಳಕ್ಕೆ ತೇವದಿಂದ ಜಲಜನಕ ಸೇರಿಕೊಂಡರೆ, ಹೊರಗೆ ನುಣುಪಾಗಿ ಕಾಣುವ ಗೆರೆಯೊಳಗೆ ಒಂದೆರಡು ದಿನಗಳ ಅನಂತರ ಬಿರುಕು ಮೂಡಬಹುದು. ಆದಕಾರಣ ಬೆಸುಗೆಯ ಕಡ್ಡಿಗಳನ್ನು ಒಲೆಯಲ್ಲಿಟ್ಟು ಒಣಗಿಸುತ್ತಾರೆ. ಉಕ್ಕನ್ನು ಮೊದಲೇ ಹದವಾಗಿ ಕಾಯಿಸುತ್ತಾರೆ. ಕೆಲಸ ಮುಗಿದರೂ ಕಾದಿದ್ದು, ಎಕ್ಸ್-ರೇಯಿಂದಲೂ ಶ್ರವಣಾತೀತ ಧ್ವನಿತರಂಗಗಳಿಂದಲೂ ಪರೀಕ್ಷಿಸುತ್ತಾರೆ. ದೋಷ ಕಂಡರೆ ಕೊರೆದು ತೆಗೆದು ಮತ್ತೆ ಬೆಸೆಯಬೇಕು.

ಇಷ್ಟು ಕಟ್ಟುನಿಟ್ಟು ಅತಿಯೆಂದು ತೋರೀತು. ಆದರೆ 1963ರ ಏಪ್ರಿಲ್ 10ರಂದು ಅಮೆರಿಕದ ‘ಥ್ರೆಶರ್’ ನೌಕೆ 129 ಮಂದಿಯೊಡನೆ ಅಟ್ಲಾಂಟಿಕ್ ಸಾಗರದಲ್ಲಿ ಮುಳುಗಿತು. ಕಡಲ ನೀರು ಹರಿಯುವ ಕೊಳವೆಯ ಒಂದು ಜೋಡಣೆ ಬಿಟ್ಟುಕೊಂಡದ್ದೇ ಆ ದುರಂತದ ಸಂಭವನೀಯ ಮೂಲವೆಂದು ವಿಚಾರಣಾ ಮಂಡಲಿ ಅಭಿಪ್ರಾಯಪಟ್ಟಿತು.

ಬೆಸುಗೆ ನಮ್ಮ ನುಡಿಯ ಹಳೆಯ ಸಂಪತ್ತು. ಲೋಹಕ್ಕೂ ಸಲ್ಲುತ್ತದೆ, ಮನಸ್ಸಿಗೂ ಸಲ್ಲುತ್ತದೆ. ಆ ನೌಕೆಯಲ್ಲಿ ಈ ಎರಡು ಅರ್ಥಗಳೂ ಒಂದಾಗುತ್ತವೆ. ನಲವತ್ತಕ್ಕೂ ಮಿಕ್ಕ ನಾವಿಕರು, ತಾವೆಂದೂ ಕಾಣದ ಕೆಲಸಗಾರರ ಕೈಯನ್ನು ನಂಬಿ ನೀರಿನಡಿಯಲ್ಲಿ ನಿದ್ರಿಸುತ್ತಾರೆ. ಕಾರ್ಕಳದ ಶಾಸನ ಅರಸನ ಹೆಸರನ್ನು ಉಳಿಸಿತು. ಇಲ್ಲಿಯಾದರೋ ಪ್ರತಿಯೊಂದು ಬೆಸುಗೆಯ ಎದುರಿಗೂ ಅದನ್ನು ಹಾಕಿದವನ ಗುರುತು ದಾಖಲೆಯಲ್ಲಿ ಉಳಿಯುತ್ತದೆ. ಅದು ಕೀರ್ತಿಗಾಗಿ ಅಲ್ಲ, ಹೊಣೆಗಾಗಿ.